ಮಾಣಿಕನ ತುರಿಕೆ ಮತ್ತು ಮಾವನವರ ತುತ್ತು

ಮಾಣಿಕನ ಹೊಟ್ಟೆಯ ಅಡಿಯಲ್ಲಿ ಈಗ ಮತ್ತೆ ಕೂದಲು ಬಂದಿದೆ. ಬೆಲ್ಲದ ಬಣ್ಣದ ಮೆತ್ತನೆಯ ಕೂದಲು. ಮನೆಗೆ ಬಂದವರು ಅವನ ಬೆನ್ನು ಸವರಿ, "ನಾಯೀನ ಭಾಳ ಛಂದ ಇಟ್ಟೀರಿ ನೋಡ್ರಿ" ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ. ಎರಡು ವರ್ಷದ ಹಿಂದೆ ಇವರಲ್ಲೇ ಕೆಲವರು ಗೇಟಿನ ಹೊರಗೆ ನಿಂತು ಮಾತಾಡಿಸಿ ಹೋಗಿಬಿಡುತ್ತಿದ್ದರು.

ಗುಣವಾದದ್ದಕ್ಕೆ ಸಂತೋಷಪಡಬೇಕು, ಪಡುತ್ತೇನೆ ಕೂಡ. ಆದರೆ ಆ ಸಂತೋಷ ಅರ್ಧಕ್ಕೇ ನಿಂತುಹೋಗುತ್ತದೆ. ಯಾಕೆ ಎಂದು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ನಾಯಿಯ ಚರ್ಮದ ಬೇನೆಯ ಬಗ್ಗೆ ಬರೆಯುವುದೇನಿದೆ ಎಂದು ಕೆಲವರಿಗೆ ಅನಿಸಬಹುದು. ಒಂದು ಪ್ರಾಣಿ ಹಗಲೆಲ್ಲ ಮೈ ಕೆರೆದುಕೊಂಡು ರಕ್ತ ಬರಿಸಿಕೊಳ್ಳುವುದನ್ನು ತಿಂಗಳುಗಟ್ಟಲೆ ಮನೆಯೊಳಗೇ ನೋಡಿದವರಿಗೆ ಹಾಗೆ ಅನಿಸಲಾರದು.

ನಮ್ಮದು ಲಕ್ಷ್ಮೇಶ್ವರ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಮ್ಮವರದು ಬೀಜ-ಗೊಬ್ಬರದ ಅಂಗಡಿ. ಮಾವನವರು ಒಂದು ಕಾಲಕ್ಕೆ ಗದಗಿನ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ ನಡೆಸಿದವರು. ದೊಡ್ಡ ದನಿ, ದೊಡ್ಡ ನಗು. ಅತ್ತೆ ತೀರಿಕೊಂಡ ಮೇಲೆ ಆ ದನಿ ಇಳಿಯಿತು. ಊಟ ಅದಕ್ಕಿಂತ ಹೆಚ್ಚು ಇಳಿಯಿತು. ಗಂಗಾಳದ ಮುಂದೆ ಕೂರುತ್ತಿದ್ದರು, ಒಂದು ಚೂರು ರೊಟ್ಟಿ ಮುರಿಯುತ್ತಿದ್ದರು, ಆಮೇಲೆ "ಸಾಕವಾ" ಎಂದು ಎದ್ದುಬಿಡುತ್ತಿದ್ದರು. ಅಂಗಿ ಹೆಗಲಿನಿಂದ ಜಾರುವಷ್ಟು ಸೊರಗಿದರು.

ಅಂಥ ದಿನಗಳಲ್ಲಿ ಡೋಣಿ ಹಳ್ಳಿಯ ರೈತರೊಬ್ಬರು ಬೀಜ ಒಯ್ಯಲು ಬಂದಾಗ ಚೀಲದಲ್ಲಿ ಒಂದು ಮರಿ ತಂದು ನಮ್ಮವರ ಕೈಗಿಟ್ಟರು. ಅಂಗಡಿಯ ಗೋದಾಮಿಗೆ ಕಾವಲಾಗುತ್ತದೆ ಎಂದು ಇವರು ಮನೆಗೆ ತಂದರು. ಮಾವನವರು ಮೊದಲು ಗೊಣಗಿದರು. ವಾರ ಕಳೆಯುವುದರೊಳಗೆ ಅವರೇ ಅದಕ್ಕೆ ಮಾಣಿಕ ಎಂದು ಹೆಸರಿಟ್ಟರು.

ಸಂಜೆ ಹಾಲಿನಲ್ಲಿ ಒಣಗಿ ಗರಿಗರಿಯಾದ ಕಟಕ ರೊಟ್ಟಿ ಮುರಿದು ನೆನೆಹಾಕಿಕೊಂಡು ಉಣ್ಣುವುದು ಮಾವನವರ ರೂಢಿ. ಮಾಣಿಕ ಎಡಗಡೆ ಬಂದು ಕೂರುತ್ತಿದ್ದ. ಅವರು ಒಂದು ತುತ್ತು ತಿನ್ನುವುದು, ಅವನಿಗೊಂದು ತುತ್ತು ಕೊಡುವುದು.

"ಮಾಣಿಕಾ, ಇವತ್ತ ಧಾರಣಿ ಏರೇತಂತಲೇ. ಹಿಡಕೊಂಡು ಕುಂತಾವ್ರು ಗೆದ್ದರು ನೋಡು."

ನಾಯಿಗೆ ಮಾರುಕಟ್ಟೆಯ ಸುದ್ದಿ ಹೇಳುತ್ತ ಹೇಳುತ್ತ ಅವರು ಒಂದು ರೊಟ್ಟಿ ಮುಗಿಸುತ್ತಿದ್ದರು, ಒಮ್ಮೊಮ್ಮೆ ಎರಡು. ನಾನು ಅಡುಗೆಮನೆಯಿಂದ ನೋಡುತ್ತ ಮಾತಾಡದೆ ಇನ್ನಷ್ಟು ಹಾಲು ತಂದು ಸುರಿಯುತ್ತಿದ್ದೆ. ಆ ನಾಯಿ ನಮ್ಮ ಮನೆಗೆ ಏನು ಮಾಡಿತು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

ತುರಿಕೆ ಶುರುವಾದದ್ದು ಅವನಿಗೆ ವರ್ಷ ತುಂಬಿದ ಮೇಲೆ. ಮೊದಲು ಪಾದ ನೆಕ್ಕುತ್ತಿದ್ದ. ಮಣ್ಣು ಹತ್ತಿರಬೇಕು ಅಂದುಕೊಂಡೆವು. ಆಮೇಲೆ ಕಿವಿ, ಆಮೇಲೆ ಕಂಕುಳು, ಹೊಟ್ಟೆ. ಕೂದಲು ಉದುರಿ ಚರ್ಮ ಕೆಂಪಾಯಿತು, ಕೆಂಪಾದದ್ದು ಕಪ್ಪಾಯಿತು, ದಪ್ಪವಾಗಿ ಬಿರುಕು ಬಿಟ್ಟಿತು. ಮೈಯಿಂದ ಹುಳಿ ವಾಸನೆ ಬರತೊಡಗಿತು. ಪಡಸಾಲೆಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುವಾಗ ಹಿಂದಿನಿಂದ ಅವನ ಉಗುರು ನೆಲಕ್ಕೆ ಬಡಿಯುವ ಟಕ್ ಟಕ್ ಸದ್ದು. ನಿಂತಿತು ಅನ್ನುವಷ್ಟರಲ್ಲಿ ಮತ್ತೆ. ಅದನ್ನು ಕೇಳಿ ಕೇಳಿ ನನ್ನ ಮೈಯೂ ಕಡಿಯುತ್ತಿದೆ ಅನಿಸುತ್ತಿತ್ತು.

ಬೇವಿನ ಎಲೆ ಕುದಿಸಿದ ನೀರು ಆಯಿತು. ಅರಿಶಿನ ಕಲಸಿದ ಕೊಬ್ಬರಿ ಎಣ್ಣೆ ಆಯಿತು. ಓಣಿಯ ಗ್ಯಾರೇಜಿನವನು ಸುಟ್ಟ ಇಂಜಿನ್ ಆಯಿಲ್ ಹಚ್ಚಿದರೆ ಎಂಥ ಹುರುಕೂ ನಿಲ್ಲುತ್ತದೆ ಎಂದು ಡಬ್ಬಿ ತುಂಬಿಕೊಂಡೇ ಬಂದ. ಕಟ್ಟೆಯ ಮೇಲೆ ಕೂತಿದ್ದ ಮಾವನವರು, "ಮೊದಲ ನೀನು ಹಚಕೊಂಡು ತೋರಸು, ಆಮ್ಯಾಲ ನಮ್ಮ ಮಾಣಿಕಗ ಹಚ್ಚೂಣು" ಎಂದರು. ಅವನು ನಗುತ್ತ ಡಬ್ಬಿ ವಾಪಸ್ ಒಯ್ದ. ಅದೊಂದು ಒಳ್ಳೆಯದಾಯಿತು. ಅದನ್ನು ನೆಕ್ಕಿದ ನಾಯಿ ಉಳಿಯುವುದು ಕಷ್ಟವಂತೆ, ಆಮೇಲೆ ಗೊತ್ತಾಯಿತು.

ಶಿರಹಟ್ಟಿಯಲ್ಲಿ ಒಬ್ಬ ಹಿರಿಯ ಪಶುವೈದ್ಯರಿದ್ದರು. ಅವರ ಇಂಜೆಕ್ಷನ್ನಿಗೆ ತುರಿಕೆ ಮೂರು ದಿನದಲ್ಲಿ ಮಾಯವಾಗುತ್ತಿತ್ತು. ಮನೆಯಲ್ಲಿ ಹಬ್ಬದ ಕಳೆ. ಆದರೆ ತಿಂಗಳು ತುಂಬುವುದರೊಳಗೆ ಅವನು ಮತ್ತೆ ಪಾದ ನೆಕ್ಕಲು ಕೂರುತ್ತಿದ್ದ. ನಾವು ಮತ್ತೆ ಶಿರಹಟ್ಟಿಗೆ. ಹೀಗೆ ಎಷ್ಟು ಸಲ ಹೋದೆವೋ. ಕಡೆಗೆ ಆ ವೈದ್ಯರೇ, "ಈ ಸೂಜಿ ಹಿಂಗ ಹಾಕ್ಕೋತ ಹೋದ್ರ ಅದರ ಒಳಗಿನ ಅಂಗ ಕೆಡ್ತಾವ್ರಿ. ಗದಗಿಗೆ ತೋರಸ್ರಿ" ಎಂದರು. ಅವರು ಹಾಗೆ ಹೇಳಿದ್ದು ಉಪಕಾರ.

ಆ ವರ್ಷದ ನಾಗರಪಂಚಮಿಗೆ ನಮ್ಮವರ ಅಕ್ಕ ಗಂಗಕ್ಕ ಮುಂಡರಗಿಯಿಂದ ಬಂದರು. ಮಾಣಿಕ ಬಾಲ ಆಡಿಸುತ್ತ ಎದುರು ಹೋದ. ಅವರು ಸೀರೆಯ ನೆರಿಗೆ ಎತ್ತಿ ಹಿಂದೆ ಸರಿದರು.

"ಅಯ್ಯ, ಕಜ್ಜಿನಾಯಿ ಆಗೇತಲ್ಲೋ ಇದು. ಅಪ್ಪನ ಗಂಗಾಳದಾಗ ಬಾಯಿ ಹಾಕ್ತೈತಿ. ನಾಳೆ ಅಪ್ಪಗ ಹತ್ತಿದ್ರ ಏನ್ ಮಾಡ್ತೀರಿ?"

ಬೀದಿಯವರು ಹಿಂದಿನಿಂದ ಆಡುತ್ತಿದ್ದ ಮಾತನ್ನು ಮನೆಯೊಳಗೆ ಆಡಿದವರು ಅವರೇ ಮೊದಲು. ಮಾವನವರು ಎದ್ದು ಮಾಣಿಕನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಹೋಳಿಗೆಯ ಊಟಕ್ಕೆ ಕರೆದರೂ ಬರದೆ ಅಲ್ಲೇ ಕೂತರು. ಆ ಹಬ್ಬ ಮುಗಿದ ಮೇಲೆ ನಾನು ಶಾಲೆಗೆ ರಜೆ ಹಾಕಿ ಒಂದು ಟಂಟಂ ಆಟೋ ಗೊತ್ತುಮಾಡಿದೆ. ಹಳೆಯ ಸೀರೆಯಲ್ಲಿ ಮಾಣಿಕನನ್ನು ಸುತ್ತಿಕೊಂಡು ನಾನೂ ನಮ್ಮವರೂ ಗದಗಿಗೆ ಹೊರಟೆವು.

ಪಶು ಆಸ್ಪತ್ರೆಯ ಅಂಗಳದ ತುಂಬ ದನ, ಎಮ್ಮೆ, ಆಡು. ಕೋಡು ಮುರಿದ ಎತ್ತು ಹಿಡಿದುಕೊಂಡಿದ್ದ ಒಬ್ಬರು ಮಾಣಿಕನನ್ನು ಮೇಲಿನಿಂದ ಕೆಳಗೆ ನೋಡಿ, "ಇದಕ್ಕೂ ದವಾಖಾನಿ ಏನ್ರಿ?" ಎಂದರು. ನಮ್ಮವರು ತಲೆ ತಗ್ಗಿಸಿದರು. ಎಲ್ಲಿ ಹೋಗಿ ನಿಂತರೂ ಜನ ತಮ್ಮ ದನ ದೂರ ಎಳೆದುಕೊಳ್ಳುತ್ತಿದ್ದರು. ಕಡೆಗೆ ಬಿಸಿಲಲ್ಲೇ ನಿಂತೆವು. ಆಗ ಬೇವಿನ ಮರದ ಕೆಳಗೆ ಆಡು ಕಟ್ಟಿಕೊಂಡು ಕೂತಿದ್ದ ಕೋಟುಮಚಗಿಯ ಮುದುಕಿಯೊಬ್ಬಳು ಕೈಬೀಸಿ ಕರೆದಳು.

"ಇಲ್ಲಿ ಬರ್ರಿ, ನೆಳ್ಳಿಗೆ ಕುಂಡ್ರಿ. ನನ್ನ ಆಡು ಏನ್ ಅನ್ನೂದಿಲ್ಲ. ಏನಾಗೇತವಾ ಅದಕ್ಕ?"

"ಕೆರಕೊಳ್ತೈತಿ ಆಯಿ. ವರ್ಷದ ಮ್ಯಾಲಾತು."

"ಬಾಯಿಲ್ಲದ್ದರ ಬ್ಯಾನಿ ಭಾಳ ಕೆಟ್ಟವಾ. ಎಲ್ಲಿ ನೋಯ್ತೈತಿ ಅಂತ ಕೇಳಾಕ ಬರೂದಿಲ್ಲ, ಹೇಳಾಕ ಬರೂದಿಲ್ಲ."

ತನ್ನ ಚೊಂಬಿನ ನೀರನ್ನು ಅಂಗೈಯಲ್ಲಿ ಸುರಿದುಕೊಂಡು ಮಾಣಿಕನಿಗೆ ಕುಡಿಸಿದಳು. ಅಷ್ಟು ತಿಂಗಳಲ್ಲಿ, ಮನೆಯವರನ್ನು ಬಿಟ್ಟರೆ, ಅವನನ್ನು ಅಸಹ್ಯಪಡದೆ ಮುಟ್ಟಿದವಳು ಅವಳೊಬ್ಬಳೇ. ನನಗೆ ಕಣ್ಣು ತುಂಬಿ ಬಂತು. ಅವಳು ನೋಡಿಯೂ ನೋಡದವಳಂತೆ ಆಡಿನ ಹಗ್ಗ ಸರಿಮಾಡಿಕೊಂಡಳು.

ಒಳಗಿದ್ದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಚರ್ಮ ಕೆರೆದು ತೆಗೆದು ಗಾಜಿನ ಮೇಲಿಟ್ಟು ನೋಡಿದರು. ಹುಳ ಇಲ್ಲ, ಅಂದರೆ ಇದು ಕಜ್ಜಿಯಲ್ಲ, ಯಾರಿಗೂ ಅಂಟುವುದಿಲ್ಲ ಎಂದರು. ಆ ಒಂದು ಮಾತಿಗೆ ನಾನು ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಆಮೇಲೆ ಅವರು ಇಷ್ಟು ದಿನ ನಮ್ಮ ತಲೆಗೇ ಬಾರದ ಒಂದು ಪ್ರಶ್ನೆ ಕೇಳಿದರು.

"ಇದು ದಿನಾ ಏನೇನು ತಿಂತದ ಹೇಳ್ರಿ. ಒಂದೂ ಬಿಡಬ್ಯಾಡ್ರಿ."

ಹೇಳಿದೆ. ರೊಟ್ಟಿ, ಚಪಾತಿ, ತೊಗರಿಬೇಳೆ, ಅನ್ನ, ಹಾಲು.

"ಇದರಾಗ ಯಾವುದೋ ಒಂದು ಇದರ ಮೈಗೆ ಒಗ್ಗಂಗಿಲ್ಲ ಅಂತ ನನಗ ಅನಸ್ತದ. ಯಾವುದು ಅಂತ ರಕ್ತಪರೀಕ್ಷೆಯಿಂದ ಗೊತ್ತಾಗೂದಿಲ್ಲ. ಎಲ್ಲಾ ಬಿಡಿಸಿ ನೋಡಬೇಕು. ಇಲ್ಲೀತನಕಾ ಇದು ತಿನ್ನದೇ ಇರೂದು ನಿಮ್ಮ ಮನ್ಯಾಗ ಏನೈತಿ?"

ನಾನೂ ಇವರೂ ಮುಖ ಮುಖ ನೋಡಿಕೊಂಡೆವು. ನವಣೆ, ಹುರುಳಿ ಎಂದೆವು. ಹಾಗಾದರೆ ನವಣೆ ಅನ್ನ, ಬೇಯಿಸಿದ ಹುರುಳಿ, ಜೊತೆಗೆ ತಾವು ಕೊಡುವ ಪುಡಿ, ಎರಡು ತಿಂಗಳು ಇಷ್ಟೇ ಎಂದರು. ಹೊರಡುವಾಗ ಮತ್ತೆ ಕರೆದು ಹೇಳಿದರು.

"ಬ್ಯಾರೆ ಒಂದು ತುತ್ತು ಬಿದ್ರೂ ಮಾಡಿದ್ದೆಲ್ಲಾ ನೀರಾಗ ಹೋಮ. ಮತ್ತ ಮೊದಲಿಂದ ಶುರು ಮಾಡಬೇಕಾಗ್ತದ. ಮನಿಮಂದಿಗೆಲ್ಲಾ ಬಿಗಿ ಹೇಳ್ರಿ. ನೀವು ಹೇಳೋತನಕಾ ಯಾರ ಕೈಯಾಂದೂ ತಿನಬಾರದು ಅಂತ ಅದಕ್ಕೂ ಕಲಸ್ರಿ."

ದಾರಿಯುದ್ದಕ್ಕೂ ನಾನು ಮಾವನವರಿಗೆ ಹೇಗೆ ಹೇಳಲಿ ಎಂದೇ ಯೋಚಿಸುತ್ತಿದ್ದೆ. ಅವರು ಕಟ್ಟೆಯ ಮೇಲೆ ನಮ್ಮ ದಾರಿ ಕಾಯುತ್ತಿದ್ದರು. ನಮ್ಮವರೇ ಎಲ್ಲ ಹೇಳಿದರು. ಮಾವನವರು ಕೇಳಿದರು.

"ಅಂದ್ರ ಇಷ್ಟು ದಿನಾ ಅದಕ್ಕ ಬ್ಯಾನಿ ಉಣಿಸಿದಾಂವ ನಾನ ಏನೋ?"

"ಹಂಗ್ಯಾಕ ಅಂತೀರಿ ಮಾವಾರ? ನಾವೂ ಎಲ್ಲಾರೂ ಹಾಕೇವಲ್ಲ" ಎಂದೆ.

ಅವರು ಮಾಣಿಕನ ಕಪ್ಪಾದ ಹೊಟ್ಟೆಯನ್ನೇ ನೋಡುತ್ತಿದ್ದರು.

ಅಂದಿನಿಂದ ನಮ್ಮ ಮನೆಯ ಸಂಜೆ ಬದಲಾಯಿತು. ಮಾಣಿಕನ ನವಣೆಯ ಪಾತ್ರೆ ಹಿತ್ತಲಲ್ಲಿ, ಮಾವನವರ ಗಂಗಾಳ ಪಡಸಾಲೆಯಲ್ಲಿ, ನಡುವಿನ ಬಾಗಿಲಿಗೆ ಚಿಲಕ. ಅವನು ಆಚೆಯಿಂದ ಬಾಗಿಲು ಕೆರೆದು ಕುಂಯ್‌ಗುಡುತ್ತಿದ್ದ. ಇವರು ಈಚೆ ರೊಟ್ಟಿ ಮುರಿದು ಹಾಲಿಗೆ ಹಾಕಿ, ಅದು ನೆಂದು ಮುದ್ದೆಯಾದರೂ ಕೈ ಹಾಕುತ್ತಿರಲಿಲ್ಲ. ಇಷ್ಟಾದರೂ ಅವನ ಚರ್ಮ ತುಸು ತಿಳಿಯಾಗುತ್ತಿತ್ತು. ಮೂರನೆಯ ವಾರಕ್ಕೆ ಇದ್ದಕ್ಕಿದ್ದಂತೆ ಮತ್ತೆ ಕೆಂಪಾಯಿತು. ನಾನು ಯಾರನ್ನೂ ಕೇಳುವ ಮೊದಲೇ ಮಾವನವರು ಬಂದು ನಿಂತರು.

"ನಾನ ಕೊಟ್ಟೆನವಾ. ಕೊಡಬೇಕಂತ ಕೊಡಲಿಲ್ಲ. ಚಿಲಕಾ ಬಿದ್ದಿರಲಿಲ್ಲ, ಬಾಗಿಲಾ ಸರಿಸಿ ಬಂದು ಕುಂತಿತ್ತು. ಏನೋ ಮಾತಾಡಕೋತ ಕೈ ತಾನ ಹೋತು. ಬಾಯಾಗ ಬಿದ್ದಮ್ಯಾಲ ಎಚ್ಚರಾತು."

ನಾನು "ಇರ್ಲಿ ಬಿಡ್ರಿ, ಮತ್ತ ಶುರು ಮಾಡೂಣು" ಎಂದೆ. ಮತ್ತೆ ಶುರು ಮಾಡಿದೆವು. ಮತ್ತೆ ಹಾಗೇ ಆಯಿತು. ಎರಡನೆಯ ಸಲ ನಾನು ಏನೂ ಅನ್ನಲಿಲ್ಲ. ಆದರೆ ಪಾತ್ರೆ ಇಟ್ಟ ಸದ್ದಿನಲ್ಲಿ ಅವರಿಗೆ ಎಲ್ಲ ಕೇಳಿಸಿರಬೇಕು.

ಎರಡು ದಿನ ಬಿಟ್ಟು ಅವರು ಚೀಲ ತುಂಬಿಕೊಂಡು ಕೂತಿದ್ದರು. "ಗಂಗವ್ವನ ಕಡೆ ಹೋಗಿರ್ತೀನಿ. ಎರಡು ತಿಂಗಳದ ಮಾತು. ನಾನಿದ್ರ ಅದು ಆರಾಮ ಆಗೂದಿಲ್ಲ. ನನ್ನ ಕೈ ನನ್ನ ಮಾತು ಕೇಳೂದಿಲ್ಲ."

"ನಾಯಿ ಸಲುವಾಗಿ ಅಪ್ಪನ್ನ ಮನಿ ಬಿಡಿಸಿದ್ರು ಅಂತಾರ ಊರಾಗ" ಎಂದರು ನಮ್ಮವರು.

"ಅಂದವರಿಗೆ ನಾನ ಹೇಳ್ತೀನಿ ಏಳೋ. ಮಗಳ ಮನಿಗೆ ಹೋಗಾಕ ಯಾರ ಪರವಾನಗಿ ಬೇಕು?"

ನಾನು ಬೇಡ ಎಂದೆ. ಎರಡು ಸಲ ಎಂದೆ. ಮೂರನೆಯ ಸಲ ಅನ್ನಲಿಲ್ಲ. ಮುಂಡರಗಿಯ ಬಸ್ಸು ತಿರುವಿನಲ್ಲಿ ಮರೆಯಾದಾಗ ಎದೆಯೊಳಗೆ ಏನೋ ಸಡಿಲಾದಂತಾಯಿತು. ಇನ್ನು ಈ ನಾಯಿ ಗುಣವಾಗುತ್ತದೆ ಎನ್ನುವ ನೆಮ್ಮದಿ ಅದು.

ಗುಣವೂ ಆಯಿತು. ಮೊದಲು ವಾಸನೆ ಹೋಯಿತು. ಆಮೇಲೆ ಉಗುರಿನ ಸದ್ದು ಕಡಿಮೆಯಾಯಿತು. ಒಂದು ದಿನ ಸ್ನಾನ ಮಾಡಿಸುವಾಗ ಹೊಟ್ಟೆಯ ಮೇಲೆ ಕೈಯಾಡಿಸಿದರೆ ಅಂಗೈಗೆ ಸಣ್ಣ ನವಿರು ತಾಕಿತು. ನೀರು ಹಾಗೇ ಬಿಟ್ಟು ಮಾವನವರಿಗೆ ಫೋನ್ ಮಾಡಿದೆ.

"ಖರೇನ? ಕೂದಲಾ ಬಂದಾವ?" ಅವರ ದನಿ ಹಳೆಯ ದಲಾಲಿ ಅಂಗಡಿಯ ದನಿಯಾಗಿತ್ತು.

"ಇಲ್ಲೇ ಅದಾನ್ರಿ. ಮಾತಾಡ್ತೀರೇನು?"

"ಬ್ಯಾಡವಾ. ನನ್ನ ದನಿ ಕೇಳಿದ್ರ ಹುಡುಕಾಕ ಹತ್ತತಾನ."

ಇತ್ತ ನಾನು ಡಾಕ್ಟರ ಮಾತಿನಂತೆ ಮಾಣಿಕನಿಗೆ ಶಿಸ್ತು ಕಲಿಸಿದೆ. ನಮ್ಮ ಓಣಿಯಲ್ಲಿ ಯಾರು ಬೇಕಾದರೂ ಬಿಸ್ಕಿಟು ಎಸೆಯುತ್ತಾರೆ. ಅದಕ್ಕೇ ನಾನು "ತಗೋ" ಅನ್ನುವವರೆಗೆ ಯಾರು ಏನು ಕೊಟ್ಟರೂ ಮುಟ್ಟಬಾರದು ಎಂದು ದಿನಾ ಕೂರಿಸಿ ರೂಢಿ ಮಾಡಿಸಿದೆ. ಬೇಗ ಕಲಿತ. ನಾನು ಶಾಲೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡೆ.

ಎರಡು ತಿಂಗಳು ಕಳೆದ ಮೇಲೆ ಬಿಟ್ಟದ್ದನ್ನೆಲ್ಲ ಒಂದೊಂದಾಗಿ ಕೊಟ್ಟು ನೋಡುವ ಕೆಲಸ. ಜೋಳದ ರೊಟ್ಟಿ ಕೊಟ್ಟೆವು, ಏನೂ ಆಗಲಿಲ್ಲ. ಅನ್ನ, ಚಪಾತಿ, ತೊಗರಿಬೇಳೆ, ಯಾವುದಕ್ಕೂ ಏನೂ ಆಗಲಿಲ್ಲ. ಹಾಲು ಕೊಟ್ಟ ಮೂರನೆಯ ದಿನಕ್ಕೆ ಪಾದ ನೆಕ್ಕಲು ಶುರುಮಾಡಿದ. ಹಾಲು ನಿಲ್ಲಿಸಿದೆವು, ತುರಿಕೆಯೂ ನಿಂತಿತು. ಅಷ್ಟೇ ಇದ್ದದ್ದು. ರೊಟ್ಟಿಯಲ್ಲಿ ಏನೂ ಇರಲಿಲ್ಲ. ಮಾವನವರು ಬಂದು ಹಾಲಿನ ಬದಲು ಸಾರಿನಲ್ಲಿ ನೆನೆಸಿದ ರೊಟ್ಟಿ ಕೊಡಬಹುದಿತ್ತು. ಮೊದಲಿನ ಹಾಗೆಯೇ ಒಂದು ತುತ್ತು ತಮಗೆ, ಒಂದು ತುತ್ತು ಅವನಿಗೆ.

ಈ ಸುದ್ದಿ ಹೇಳಲು ಫೋನ್ ಮಾಡಿದರೆ ಎತ್ತಿದವರು ಗಂಗಕ್ಕ. "ಸುವರ್ಣಾ, ನಾನ ನಿನಗ ಫೋನ್ ಹಚ್ಚಾಕಿದ್ದೆ. ಅಪ್ಪ ಬಚ್ಚಲದಾಗ ಜಾರಿ ಬಿದ್ದಾನ. ಏಳಾಕ ಬರವಲ್ದು."

ಸೊಂಟದ ಕೆಳಗಿನ ಚಪ್ಪೆಯ ಎಲುಬು ಮುರಿದಿತ್ತು. ಗದಗಿನಲ್ಲಿ ಆಪರೇಷನ್ ಆಯಿತು. ನಮ್ಮ ಮನೆಗೆ ಹತ್ತುವ ಮೆಟ್ಟಿಲು, ಹಗಲು ನಾವಿಬ್ಬರೂ ಹೊರಗೆ. ಗಂಗಕ್ಕನ ಮನೆ ನೆಲಮಟ್ಟದ್ದು, ಅವರು ಮನೆಯಲ್ಲೇ ಇರುವವರು. ಹಾಗಾಗಿ ಅಲ್ಲಿಂದಲೂ ಮಾವನವರನ್ನು ಮುಂಡರಗಿಗೇ ಒಯ್ದರು. ಗಂಗಕ್ಕ ಬಾಯಿ ಜೋರಾದರೂ ಅವರ ಹಾಗೆ ಆರೈಕೆ ಮಾಡಲು ನನ್ನಿಂದ ಆಗುತ್ತಿರಲಿಲ್ಲ. ಆದರೆ ಊಟದ ಬಗ್ಗೆ ಅವರದೂ ಅದೇ ದೂರು. "ಎರಡು ಚಮಚಾ ಗಂಜಿ ಕುಡದು ಮುಖಾ ತಿರುವ್ತಾನ. ಏನ್ ಮಾಡ್ಲಿ?"

ಒಂದು ರವಿವಾರ ಮಾಣಿಕನನ್ನು ಟಂಟಂನಲ್ಲಿ ಕೂರಿಸಿಕೊಂಡು ಮುಂಡರಗಿಗೆ ಹೋದೆವು. ಅವನನ್ನು ಕಂಡು ಬಾಗಿಲಲ್ಲಿ ನಿಂತ ಗಂಗಕ್ಕ ಒಂದು ಗಳಿಗೆ ನೋಡಿ, ಬಗ್ಗಿ ಅವನ ತಲೆ ಮುಟ್ಟಿದರು. "ಹೊಸಾ ನಾಯಿ ಆಗ್ಯಾನಲ್ಲ" ಎಂದು ಒಳಗೆ ಕರೆದರು.

ಮಾವನವರು ಹಾಸಿಗೆಯಲ್ಲಿ ದಿಂಬಿಗೊರಗಿ ಕೂತಿದ್ದರು. ಮಾಣಿಕ ಓಡಿಹೋಗಿ ಮುಂಗಾಲು ಮಂಚದ ಮೇಲಿಟ್ಟು ಅವರ ಕೈ, ಮೊಣಕೈ, ಅಂಗಿ ಎಲ್ಲ ಮೂಸಿದ. ಅವರು ಅವನ ಕಂಕುಳು, ಹೊಟ್ಟೆ, ಕಿವಿ ಒಂದೊಂದನ್ನೇ ತಡವಿ ನೋಡಿದರು. ಮೆಣಸಿನಕಾಯಿಯ ಗುಣ ನೋಡಿ ಬೆಲೆ ಕಟ್ಟುವವರು ಹಾಗೆ ನೋಡುತ್ತಾರೆ.

"ಎಲ್ಲೂ ಒಂದು ಕಲೀ ಉಳಿದಿಲ್ಲಲ್ಲಲೇ."

ನಾನು ತಂದಿದ್ದ ರೊಟ್ಟಿಯ ಗಂಟು ಬಿಚ್ಚಿ ಅವರ ಮುಂದಿಟ್ಟೆ. ಹಾಲಿಲ್ಲದ ರೊಟ್ಟಿ ಕೊಡಬಹುದು ಎಂದು ಹೇಳಿದೆ. ಅವರ ಮುಖ ಅರಳಿತು. ಒಂದು ಚೂರು ಮುರಿದು ಮುಂದೆ ಹಿಡಿದರು.

ಮಾಣಿಕ ಅದನ್ನು ನೋಡಿದ. ಬಾಯಿ ಹಾಕಲಿಲ್ಲ. ತಲೆ ತಿರುಗಿಸಿ ನನ್ನ ಮುಖ ನೋಡಿದ.

ಮಾವನವರ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು. "ತಗೋ" ಎನ್ನಲು ನನಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಅಂದ ಮೇಲೆ ಅವನು ರೊಟ್ಟಿ ತೆಗೆದುಕೊಂಡ. ಎರಡನೆಯ ಚೂರಿಗೂ ನನ್ನ ಕಡೆಯೇ ನೋಡಿದ.

"ಛಲೋ ಕಲಿಸೀಯವಾ. ಹಿಂಗ ಇರಬೇಕು. ಇನ್ನ ಅದರ ಕಾಳಜಿ ಇಲ್ಲ ನನಗ" ಎಂದರು ಮಾವನವರು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಉಳಿದ ರೊಟ್ಟಿಯನ್ನು ಅವರು ಮುರಿಯಲಿಲ್ಲ. ಅವನ ಕಿವಿ ಸವರುತ್ತ ಕೂತರು.

ಕಡಲೆ ಕೀಳುವ ಹೊತ್ತಿಗೆ ಅವರಿಗೆ ಕಫ ಕಟ್ಟಿತು. ಒಂದು ವಾರದಲ್ಲಿ ಹೋಗಿಬಿಟ್ಟರು. ಅವರ ಜೀವ ಹೋದದ್ದು ನಾಯಿಯಿಂದಲ್ಲ. ವಯಸ್ಸಾಗಿತ್ತು, ಬಿದ್ದಿದ್ದರು, ಚಳಿ ಜೋರಿತ್ತು. ಇದನ್ನು ಡಾಕ್ಟರೂ ಹೇಳಿದರು, ಗಂಗಕ್ಕನೂ ಹೇಳಿದರು. ನಾನೂ ನಂಬುತ್ತೇನೆ. ಆದರೆ ಅವರ ಕೊನೆಯ ತಿಂಗಳುಗಳ ಊಟ ಒಂಟಿ ಊಟವಾಯಿತು. ಅದನ್ನು ಯಾವ ಮಾತೂ ಅಳಿಸುವುದಿಲ್ಲ.

ಇನ್ನೊಂದು ಮಾತಿದೆ. ಅದು ನನಗೆ ಹೊಳೆದದ್ದು ಎಲ್ಲ ಮುಗಿದು ಎಷ್ಟೋ ದಿನಗಳ ಮೇಲೆ. ಮಾಣಿಕನಿಗೆ ಈಗಲೂ ವಾರದಲ್ಲಿ ಕೆಲವು ದಿನ ನವಣೆಯನ್ನೇ ಬೇಯಿಸುತ್ತೇನೆ, ಅವನಿಗೆ ಅದು ಸೇರುತ್ತದೆ. ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದಾಗ ಬಹಳ ಹಸಿವಾಗಿತ್ತು. ಮತ್ತೆ ಒಲೆ ಹಚ್ಚುವುದು ಯಾಕೆಂದು ಅವನಿಗೆ ಮಾಡಿದ ನವಣೆ ಅನ್ನವನ್ನೇ ನಾನೂ ಬಡಿಸಿಕೊಂಡೆ, ಮೇಲೆ ಹುರುಳಿ ಕಟ್ಟಿನ ಸಾರು ಹಾಕಿಕೊಂಡೆ. ಮಾಣಿಕ ಬಂದು ಪಕ್ಕ ಕೂತ. ನಾನೊಂದು ತುತ್ತು ತಿಂದೆ, ಅವನಿಗೊಂದು ತುತ್ತು ಕೊಟ್ಟೆ. ಮತ್ತೊಂದು ತುತ್ತು ಕಲಸುವಾಗ ಕೈ ಅಲ್ಲೇ ನಿಂತಿತು.

ಇಷ್ಟೇ ಮಾಡಬೇಕಾಗಿದ್ದದ್ದು. ಮಾವನವರ ಗಂಗಾಳಕ್ಕೂ ಎರಡು ತಿಂಗಳು ಇದನ್ನೇ ಬಡಿಸಬೇಕಾಗಿತ್ತು. ಚಿಲಕ ಬೇಕಿರಲಿಲ್ಲ, ಮುಂಡರಗಿಯ ಬಸ್ಸು ಬೇಕಿರಲಿಲ್ಲ. ಅವರ ಕೈ ತಾನಾಗಿ ಹೋದರೂ ಏನೂ ಕೆಡುತ್ತಿರಲಿಲ್ಲ. ಮಕ್ಕಳಿಗೆ ಗಣಿತ ಕಲಿಸುವ ನನಗೆ, ಅಷ್ಟು ದೊಡ್ಡ ವ್ಯಾಪಾರ ಮಾಡಿದ ಅವರಿಗೆ, ನಮ್ಮವರಿಗೆ, ಯಾರಿಗೂ ಇದು ತೋಚಲಿಲ್ಲ. ನಾಯಿಯನ್ನು ಮನೆಯವರ ಊಟದಿಂದ ದೂರ ಇಡುವುದನ್ನೇ ಯೋಚಿಸಿದೆವು. ಮನೆಯವರೇ ನಾಯಿಯ ಊಟ ಉಣ್ಣಬಹುದೆಂದು ಯೋಚಿಸಲಿಲ್ಲ.

ನಿಮ್ಮ ಮನೆಯಲ್ಲಿ ಇಂಥ ಬೇನೆಯ ನಾಯಿ ಇದ್ದರೆ, ಅದಕ್ಕೆ ತುತ್ತು ಕೊಟ್ಟೇ ಉಣ್ಣುವ ಒಬ್ಬರು ಹಿರಿಯರೋ ಮಕ್ಕಳೋ ಇದ್ದರೆ, ದಯವಿಟ್ಟು ಅವರನ್ನು ಬೇರೆ ಮಾಡುವ ಮೊದಲು ಇದನ್ನೊಂದು ಸಲ ನೆನೆಯಿರಿ.

ಅಂದು ಸಂಜೆ ಅಂಗಡಿಯಿಂದ ಬಂದ ನಮ್ಮವರಿಗೆ ಹೇಳಿದೆ. ಚಪ್ಪಲಿ ಬಿಡುತ್ತಿದ್ದವರು ಹೊಸ್ತಿಲ ಹತ್ತಿರ ಹಾಗೇ ಕೂತರು. ನನ್ನ ಕಡೆ ನೋಡದೆ ಅಂದರು:

"ಅಪ್ಪಗ ನವಣಿ ಅಂದ್ರ ಜೀವ. ಸಣ್ಣಾಂವಿದ್ದಾಗ ಅವರ ಮನ್ಯಾಗ ಅದನ್ನ ಉಣ್ತಿದ್ರಂತ. ಯಾಕ ಮಾಡೂದಿಲ್ಲ ಈಗ, ಅಂತ ಅವ್ವಗ ಯಾವಾಗ್ಲೂ ಕೇಳತಿದ್ದ."